ಕರೆದವರನ್ನು ಕಳಿಸಿಕೊಡುವ ಹಾಡು

ಕಾರವಾರ
೧೨ ಫೆಬ್ರವರಿ ೨೦೦೬

ಅಪ್ಪಯ್ಯಾ,

ತೀರ್ಥರೂಪ ಎಂದು ಶುರು ಮಾಡಿ ಆಮೇಲೆ ಏನೇನೋ ಬರೆಯಬೇಕಂತೆ. ಇಂಗ್ಲಿಷ್ ಶಾಲೆಗೆ ಕಳಿಸಿದವರು ನೀವೇ, ಹಾಗಾಗಿ ಅದೆಲ್ಲ ನನಗೆ ಬರುವುದಿಲ್ಲ. ನಮಸ್ಕಾರ ಮಾತ್ರ ಮನಸ್ಸಿನಿಂದಲೇ ಮಾಡಿದ್ದೇನೆ.

ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಒಂದು ತಾಸು. ಅಷ್ಟಕ್ಕೆ ಪತ್ರ ಯಾಕೆ ಅನ್ನುತ್ತೀರಿ. ಫೋನ್ ಮಾಡಿದರೆ ನೀವು "ಹಲೋ" ಅನ್ನುತ್ತೀರಿ, ನನ್ನ ದನಿ ಕೇಳಿದ ಕೂಡಲೇ "ಗಂಗಾ, ನಿಂಗೆ" ಎಂದು ಆಯಿಯನ್ನು ಕರೆದು ರಿಸೀವರ್ ಕೆಳಗಿಡುತ್ತೀರಿ. ಆಯಿ ಬರುವ ತನಕ ನಿಮ್ಮ ಮನೆಯ ಗಡಿಯಾರದ ಸದ್ದು ಕೇಳುತ್ತ ನಿಲ್ಲುತ್ತೇನೆ. ಪತ್ರವನ್ನಾದರೆ ನೀವು ಆಯಿಯ ಕೈಗೆ ದಾಟಿಸುವ ಮೊದಲು ಒಂದು ಸಲವಾದರೂ ನೋಡಲೇಬೇಕಲ್ಲ!

ನನ್ನ ಮದುವೆಯಾಗಿ ಇಪ್ಪತ್ನಾಲ್ಕು ದಿನ. ನೀವು ಬರಲಿಲ್ಲ. ಅದರ ಬಗ್ಗೆ ಬರೆಯುವುದಿಲ್ಲ ಎಂದು ಬೀರಾನಿಗೆ ಮಾತು ಕೊಟ್ಟಿದ್ದೇನೆ. ಬೀರಾನ ಬಗ್ಗೆಯೇ ಬರೆಯುತ್ತೇನೆ, ಯಾಕೆಂದರೆ ಬೇರೆ ಯಾವುದರ ಬಗ್ಗೆಯೂ ಈಗ ಬರೆಯಲು ಆಗುತ್ತಿಲ್ಲ!

ಬೆಳಿಗ್ಗೆ ಅವನು ರಿಕ್ಷಾ ಓಡಿಸುತ್ತಾನೆ, ಅದು ನಿಮಗೆ ಗೊತ್ತು. ಮಧ್ಯಾಹ್ನದ ಮೇಲೆ ರ‍್ಯಾಪ್ ಮಾಡುತ್ತಾನೆ. ಅದು ಹಾಡುವುದಲ್ಲ ಅಪ್ಪಯ್ಯಾ, ಹೇಳುವುದು. ತಾಳ ತಪ್ಪದೆ, ಪ್ರಾಸ ಹಾಕಿ, ಉಸಿರು ಎಲ್ಲಿ ತೆಗೆದುಕೊಂಡ ಎಂದೇ ತಿಳಿಯದ ಹಾಗೆ. ನೀವು ರುದ್ರ ಹೇಳುವ ಹಾಗೆ ಅಂದರೆ ನಿಮಗೆ ಸಿಟ್ಟು ಬರಬಹುದು, ಆದರೆ ನನಗೆ ಮೊದಲ ಸಲ ಕೇಳಿದಾಗ ಅದೇ ನೆನಪಾಗಿತ್ತು. ನಾನು ಕಂಪ್ಯೂಟರ್ ಕಲಿಸುವಲ್ಲಿಗೆ ಬಂದು, "ಮೇಡಂ, ದನಿ ಹಿಡಿಯೂದು ಹೆಂಗೆ ಅಂತ ಕಲಿಸ್ತ್ರಾ?" ಎಂದು ಕೇಳಿದವನು ಅವನು. ಕಲಿಸಿದೆ. ಈಗ ಹಿಂದಿನ ಕೋಣೆಯಲ್ಲಿ ನಮ್ಮದೇ ಸ್ಟುಡಿಯೊ! ಗೋಡೆಗೆ ಗೋಣಿಚೀಲ ಹೊಡೆದಿದ್ದೇವೆ. ಅವನು ಹೇಳುತ್ತಾನೆ, ನಾನು ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ. ಅವನ ಅಜ್ಜನ ಮಣ್ಣಿನ ಗುಮಟೆಯೇ ನಮ್ಮ ಡ್ರಮ್ಮು.

ಶನಿವಾರ ಅವನು ಕಾಲೊನಿಯ ಅಂಗನವಾಡಿಯಲ್ಲಿ ಪಾಠ ಮಾಡುತ್ತಾನೆ. ಚೆಂಡಿಯಾದಲ್ಲಿ ನೌಕಾನೆಲೆಗೆ ಜಾಗ ಬಿಟ್ಟುಬಂದವರ ಮಕ್ಕಳು, ಹದಿನಾಲ್ಕು ಜನ, ಅರ್ಧದಷ್ಟು ಶಾಲೆ ಬಿಟ್ಟವರು. ಅಲ್ಲಿ ಒಂದೇ ನಿಯಮ: ಆ ವಾರ ಕಣ್ಣಾರೆ ಕಂಡದ್ದನ್ನು ಎರಡು ಸಾಲು ಮಾಡಿ ತರಬೇಕು, ಕಾಣದ್ದನ್ನು ಬರೆಯಬಾರದು. ಅಕ್ಷರ ಬಾರದವರು ಹೇಳಿದ್ದನ್ನು ಅವನು ಹಲಗೆಯ ಮೇಲೆ ಬರೆಯುತ್ತಾನೆ. ತಮ್ಮ ಸಾಲನ್ನು ತಾವೇ ಓದುವ ಆಸೆಗೆ ಅವರು ಅಕ್ಷರ ಕಲಿಯುತ್ತಾರೆ. ಜಾನಕಿ ಎಂಬ ಹುಡುಗಿ ಮೊನ್ನೆ ತಂದದ್ದು: "ಸೋಪು ಹಾಕಿ ತಿಕ್ಕಿದ್ರೂನೂ ಅವ್ವಿ ಕೈ ಮೀನು, ಅದೇ ಕೈಲಿ ತುತ್ತು ಕೊಟ್ರೆ ಬ್ಯಾಡ ಅನ್ಲಾ ನಾನು?" ನಾನು ಅತ್ತುಬಿಟ್ಟೆ. ಬೀರಾ, "ಟೀಚರಮ್ಮ ಅಳೂಕೆ ಬಂದದ್ದಾ, ಕಲಿಸೂಕೆ ಬಂದದ್ದಾ?" ಅಂದ. ಮಕ್ಕಳೆಲ್ಲ ನಕ್ಕರು.

ಮನೆಯಲ್ಲಿ ನಾವಿಬ್ಬರು ಮತ್ತು ಅವನ ಅಜ್ಜಿ ನಾಗಮ್ಮ. ಅಜ್ಜಿಗೆ ಎಷ್ಟು ಹಾಡು ಬರುತ್ತದೆ ಎಂದು ಅಜ್ಜಿಗೇ ಗೊತ್ತಿಲ್ಲ. ನಮ್ಮ ಮದುವೆಯ ದಿನ ಅವರೂ, ಚೆಂಡಿಯಾದಲ್ಲಿ ಪಕ್ಕದ ಮನೆಯಲ್ಲಿದ್ದ ಗೆಳತಿ ಹೊನ್ನಜ್ಜಿಯೂ ಕೂತು ದೇವರನ್ನು ಮದುವೆಗೆ ಕರೆಯುವ ಹಾಡು ಹೇಳಿದರು. ಒಬ್ಬರು ಎತ್ತುವುದು, ಇನ್ನೊಬ್ಬರು ಹಿಡಿಯುವುದು. ಬೀರಾ ಮೈಕ್ ಇಟ್ಟು ಪೂರ್ತಿ ರೆಕಾರ್ಡ್ ಮಾಡಿದ್ದಾನೆ.

ಆಯಿಗೆ ಹೇಳಿ, ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ.

ನಿಮ್ಮ
ಕವನಾ


ಕಾರವಾರ
೯ ಏಪ್ರಿಲ್ ೨೦೦೬

ಅಪ್ಪಯ್ಯಾ,

ನಮ್ಮ ಸೀಡಿ ಬಂತು! ಇನ್ನೂರು ಪ್ರತಿ, ಒಂದೊಂದನ್ನೂ ನಾನೇ ಕಂಪ್ಯೂಟರಿನಲ್ಲಿ ಸುಟ್ಟದ್ದು. ಸುಡುವುದು ಅಂದರೆ ಗಾಬರಿಯಾಗಬೇಡಿ, ಸೀಡಿ ಮಾಡುವುದಕ್ಕೆ ಹಾಗೆ ಹೇಳುತ್ತಾರೆ. ಹೊದಿಕೆಯ ಚಿತ್ರ ಮಕ್ಕಳದ್ದು. ಕಂಪನಿ ಇಲ್ಲ, ಏಜೆಂಟ್ ಇಲ್ಲ. ಬೀರಾನ ರಿಕ್ಷಾವೇ ಅಂಗಡಿ.

ಎಲ್ಲರ ಬಾಯಲ್ಲಿ ಓಡುತ್ತಿರುವುದು 'ಬಾವಿ' ಎಂಬ ಹಾಡು. ಅದರ ಎರಡು ಸಾಲು ಬರೆಯುತ್ತೇನೆ:

ಗೇಟಿನ ಆಚೆ ನಮ್ಮ ಬಾವಿ, ಗೇಟಿನ ಈಚೆ ಕೊಡ,
ಹಗ್ಗ ದಿನಾ ಕೇಳ್ತದೆ: ನಂಗೂ ಪಾಸು ಮಾಡ್ಸಿ ಕೊಡಾ.

ಗೇಟು ನೌಕಾನೆಲೆಯದು. ಈ ಸಾಲುಗಳ ಹಿಂದೆ ಅಜ್ಜಿಯ ದನಿ ಬರುತ್ತದೆ, ನಮ್ಮ ಮದುವೆಯ ಹಾಡಿನದು. "ಬನ್ನಿ ಬನ್ನಿರೋ ದೇವ್ರೇ, ಗದ್ದೆ ಅಂಚಿನ ಮೇಲೆ ನಡ್ದು ಬನ್ನಿ." ಅಷ್ಟೇ ಸಾಲು, ಮತ್ತೆ ಮತ್ತೆ, ಸುತ್ತಿ ಸುತ್ತಿ. ಆ ಜೋಡಣೆ ನನ್ನದು ಅಪ್ಪಯ್ಯಾ! ಕೊನೆಗೆ ಹಾಡನ್ನು ಪೂರ್ತಿ ಇಡಬೇಕು ಎಂದು ಬೀರಾನಿಗೆ ಇತ್ತು. ಆದರೆ ಮುಂದಿನ ಭಾಗ ಸರಿಯಾಗಿ ರೆಕಾರ್ಡ್ ಆಗಿರಲಿಲ್ಲ.

ಮಡಗಾಂವದಲ್ಲಿ ಒಂದು ಕಾಲೇಜಿನವರು ಕರೆದಿದ್ದರು. ದೊಡ್ಡ ಸ್ಟೇಜು, ನೀಲಿ ಲೈಟು! ಅವನು ಮೊದಲು ಕೊಂಕಣಿಯಲ್ಲಿ ನಾಲ್ಕು ಸಾಲು ಹೇಳಿ ಆಮೇಲೆ ಕನ್ನಡಕ್ಕೆ ಹೊರಳಿದ. ಹುಡುಗರೆಲ್ಲ "ಆನೀಕ್ ಏಕ್! ಆನೀಕ್ ಏಕ್!" ಎಂದು ಕೂಗಿದರು. ಇನ್ನೊಂದು, ಇನ್ನೊಂದು ಅಂತ. ನಾನು ಸ್ಟೇಜಿನ ಪಕ್ಕ ನಿಂತು ಅವನ ಚಪ್ಪಲಿ ಹಿಡಿದುಕೊಂಡಿದ್ದೆ. ಅವನು ಬರಿಗಾಲಿನಲ್ಲೇ ಹೇಳುವುದು. ಆ ಹರಕು ಚಪ್ಪಲಿ ಹಿಡಿದುಕೊಂಡು ಇಷ್ಟು ಸಂತೋಷವಾಗಿ ಇರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಸೀಡಿ ಜೊತೆಗಿಟ್ಟಿದ್ದೇನೆ. ಕೇಳದಿದ್ದರೆ ಬೇಡ. ಆಯಿ ಕೇಳಲಿ.

ನಿಮ್ಮ
ಕವನಾ


ಕಾರವಾರ
೨೮ ಮೇ ೨೦೦೬

ಅಪ್ಪಯ್ಯಾ,

ಹೊಸ ಸುದ್ದಿ! ಧಾರವಾಡದ ಒಂದು ಸಂಸ್ಥೆಯವರು ಬೀರಾನ ಶನಿವಾರದ ಪಾಠ ನೋಡಲು ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕೂತವರು ಕೊನೆಗೆ ತಾವೂ ಎರಡು ಸಾಲು ಕಟ್ಟಿ ಜಾನಕಿಯಿಂದ ಬೈಸಿಕೊಂಡರು. "ಇದು ನೀವ್ ಕಂಡದ್ದಲ್ಲ ಸರ್, ಪುಸ್ತಕದ್ದು!" ಜುಲೈ ಕೊನೆಯಿಂದ ಅವನು ಹತ್ತು ಶಾಲೆಗಳಲ್ಲಿ ಹೀಗೇ ಕಲಿಸಬೇಕಂತೆ. ಪ್ರತಿ ಶಾಲೆಗೂ ನಮ್ಮ ಸೀಡಿ. ಅಜ್ಜಿಯೂ ಒಂದೆರಡು ಕಡೆ ಬಂದು ಹಾಡಲಿ ಅಂದಿದ್ದಾರೆ.

ಆದರೆ ಅಜ್ಜಿ ಈಚೆಗೆ ಹಾಡುವುದಿಲ್ಲ. ವಯಸ್ಸಾಯಿತಲ್ಲ. ಶನಿವಾರ ಅಂಗನವಾಡಿಗೂ ಬರುವುದಿಲ್ಲ. ಒಂದು ದಿನ ಬೀರಾನ ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗಿಬಂದರು, ದಾರಿಯಲ್ಲಿ ಸೀಡಿ ಹಾಕಿದ್ದನಂತೆ, ಖುಷಿಯಾಗಿರಬೇಕು ಎಂದುಕೊಂಡಿದ್ದೆವು. ಅವತ್ತಿನಿಂದ ಮಾತೇ ಕಡಿಮೆ. ಆದರೆ ಎಷ್ಟು ಒಳ್ಳೆಯ ಮನಸ್ಸು ಗೊತ್ತಾ? ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲ ಹೊರಗೆ ಜಗಲಿಯ ಮೇಲೆ ಒಂದು ಮಣೆ ಇಡುತ್ತಾರೆ. ಪಕ್ಕದಲ್ಲಿ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ. "ಯಾರಿಗೆ ಅಜ್ಜಿ?" ಅಂದರೆ "ಬಂದವ್ರಿಗೆ" ಅನ್ನುತ್ತಾರೆ. ಯಾರೂ ಬರುವುದಿಲ್ಲ. ಬೆಳಿಗ್ಗೆ ನೀರನ್ನು ದಾಸವಾಳದ ಗಿಡಕ್ಕೆ ಹಾಕುತ್ತಾರೆ. ಎಂಥ ಅತಿಥಿಸತ್ಕಾರ! ನಮ್ಮ ಮನೆಯಲ್ಲೂ ಹೀಗೆ ಮಾಡುತ್ತಿರಲಿಲ್ಲ.

ನೀವು ಬಂದರೂ ನಿಮಗೆ ಮಣೆ ಸಿದ್ಧ ಇದೆ ಎಂದ ಹಾಗಾಯಿತು. ಹೇಳಿದೆ ಅಷ್ಟೇ.

ನಿಮ್ಮ
ಕವನಾ


ಅಂಕೋಲಾ
೫-೬-೨೦೦೬

ಚಿ. ಕವನಾಳಿಗೆ ಆಶೀರ್ವಾದ.

ನಿನ್ನ ಮೂರು ಪತ್ರಗಳೂ ತಲುಪಿವೆ. ಇಲ್ಲಿ ಎಲ್ಲರೂ ಆರಾಮ.

ಆ ಮಣೆ ಮತ್ತು ನೀರನ್ನು ಅವರು ರಿಕ್ಷಾದಲ್ಲಿ ಹಾಡು ಕೇಳಿದ ದಿನದಿಂದ ಇಡುತ್ತಿದ್ದಾರೆಯೇ, ವಿಚಾರಿಸು. ನೀನು ಕಳಿಸಿದ್ದನ್ನು ಕೇಳಿದೆ. ಅದರಲ್ಲಿ ಕರೆಯುವುದು ಮಾತ್ರ ಇದೆ. ಕಳಿಸಿಕೊಡುವುದು ಎಲ್ಲಿ?

ಆವಾಹನೆ ಮಾಡಿದವನು ವಿಸರ್ಜನೆ ಮಾಡದೆ ಪೂಜೆಯಿಂದ ಏಳುವ ಹಾಗಿಲ್ಲ. ಇದು ನೀನು ಸಣ್ಣಂದಿನಿಂದ ಕಂಡದ್ದೇ.

ಉಮಾಮಹೇಶ್ವರ ಭಟ್ಟ


ಕಾರವಾರ
೧೧ ಜೂನ್ ೨೦೦೬

ಅಪ್ಪಯ್ಯಾ,

ಪೋಸ್ಟ್‌ಮನ್ ಕಾರ್ಡು ಕೊಟ್ಟಾಗ ಕುಣಿದೆ. ನಿಜವಾಗಿಯೂ ಕುಣಿದೆ, ಅಂಗಳದಲ್ಲಿ, ಮಳೆಯಲ್ಲಿ. ನಿಮ್ಮ ಅಕ್ಷರ! ನೀವು ಸೀಡಿ ಕೇಳಿದ್ದೀರಿ! ಆಮೇಲೆ ಒಳಗೆ ಬಂದು ಕಾರ್ಡನ್ನು ಮತ್ತೊಮ್ಮೆ ನಿಧಾನವಾಗಿ ಓದಿದೆ. ಆಮೇಲೆ ಕುಣಿಯಲಿಲ್ಲ.

ಅಜ್ಜಿಯನ್ನು ಕೇಳಿದೆ. ಹೌದು, ಅವತ್ತಿನಿಂದಲೇ. ಅಕ್ಕಿ ಆರಿಸುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ನಿನ್ ಮದ್ವಿ ದಿನ ನಾನೂ ಹೊನ್ನೂ ಹಾಡಿ ಕರ್ದ್ವು, ಹಾಡಿ ಕಳ್ಸಿದ್ವು. ಅದು ಮುಗೀತು ಮಗಾ. ಈ ಡಬ್ಬಿ ಒಳಗಿನ ನಾಗಮ್ಮ ಇದಾಳಲ್ಲ, ಅವ್ಳು ಕರೀತೇ ಇದಾಳೆ. ರಿಕ್ಷಾದಲ್ಲಿ ಕರೀತಾಳೆ, ಚಾದ ಅಂಗಡಿಲಿ ಕರೀತಾಳೆ. ಬಂದವ್ರಿಗೆ ಹೋಗಿ ಬನ್ನಿ ಹೇಳೂಕೆ ಅವ್ಳಿಗೆ ಬಾಯೇ ಇಲ್ಲ. ಆ ದೇವ್ರ ಜಾಗ ಇಲ್ಲೆಲ್ಲಾದ್ರೂ ಇದ್ರೆ ಬ್ಯಾರೆ ಮಾತು. ಅದೂ ಗೇಟಿನ ಒಳಗೆ ಹೋಯ್ತು. ಎಲ್ಲಿ ಕೂರ್ತಾರೆ ಪಾಪ? ಅದಕ್ಕೆ ಮಣೆ ಇಟ್ಟೆ."

"ನಮಗೆ ಯಾಕೆ ಹೇಳಲಿಲ್ಲ ಅಜ್ಜಿ?"

"ನಿಮ್ಗೆ ಖುಷಿ ಆಗಿತ್ತಲ್ಲ."

ಅಪ್ಪಯ್ಯಾ, ಈಗ ನಿಮಗೊಂದು ಹೇಳಬೇಕು. ಬೀರಾನಿಗೂ ಹೇಳಿಲ್ಲ. ಹಾಡಿನ ಮುಂದಿನ ಭಾಗ ಚೆನ್ನಾಗಿಯೇ ರೆಕಾರ್ಡ್ ಆಗಿತ್ತು. ಐದು ನಿಮಿಷ ಇತ್ತು, ನಿಧಾನ, ಇಬ್ಬರು ಮುದುಕಿಯರ ದನಿ, ನಡುವೆ ಕೆಮ್ಮು. ಕರೆಯುವ ಭಾಗ ಚೆಂದ ಇತ್ತು, ಅದನ್ನು ಸುತ್ತಿಸಿದರೆ ಎಲ್ಲರೂ ತಲೆದೂಗುತ್ತಾರೆ ಅನಿಸಿತು. ಕೊನೆಯ ಭಾಗ ಯಾರು ಕೇಳುತ್ತಾರೆ ಅನಿಸಿತು. ಕತ್ತರಿಸಿದೆ. ಕಂಪ್ಯೂಟರಿನಲ್ಲಿ ಜಾಗ ಇಲ್ಲ ಎಂದು ಅಳಿಸಿಯೂ ಬಿಟ್ಟೆ. ಬೀರಾ ಕೇಳಿದಾಗ "ಅದು ಬಂದಿಲ್ಲ, ಹಾಳಾಗಿದೆ" ಅಂದೆ. ಅವನು ನಂಬಿದ. ನಾನು ಕಲಿಸಿದವಳಲ್ಲವಾ.

ನಿಮಗೂ ಅದೇ ಸುಳ್ಳು ಬರೆದಿದ್ದೆ. ಪ್ರತಿ ವರ್ಷ ಚೌತಿಯಲ್ಲಿ ಗಣಪತಿಯನ್ನು ಕಳಿಸುವಾಗ "ಇವತ್ತೊಂದು ದಿನ ಇರಲಿ" ಎಂದು ನಾನು ಅಳುತ್ತಿದ್ದೆ, ನೆನಪಿದೆಯಾ? "ಕಳಸದೇ ಇದ್ರೆ ಮತ್ತೆ ಕರೆಯದು ಹ್ಯಾಂಗೆ ಕೂಸೆ?" ಅಂದಿದ್ದಿರಿ. ಅಷ್ಟು ಕಂಡವಳು ನಾನು.

ಇವತ್ತು ಸಂಜೆ ಬೀರಾನಿಗೆ ಹೇಳುತ್ತೇನೆ. ಹೇಳುವ ಮೊದಲು ನಿಮಗೆ ಬರೆದರೆ ಧೈರ್ಯ ಬರುತ್ತದೆ ಎಂದುಕೊಂಡೆ. ಬಂದಿಲ್ಲ.

ಕವನಾ


ಕಾರವಾರ
೩೦ ಜೂನ್ ೨೦೦೬

ಅಪ್ಪಯ್ಯಾ,

ಹೇಳಿದೆ. ಅವನು ಬೈಯಲಿಲ್ಲ. ರಿಕ್ಷಾ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ, "ಕತ್ತರ್ಸಿದ್ದಕ್ಕೆ ಅಲ್ಲ. ನಾನೂ ಕತ್ತರ್ಸ್ತಿದ್ನೋ ಏನೋ. ಆ ಮಕ್ಳಿಗೆ ಕಾಣದ್ದನ್ನ ಹೇಳ್ಬ್ಯಾಡಿ ಅಂತ ನಾ ಕಲಿಸ್ತೆ. ನಮ್ಮನೇಲೇ ಸುಳ್ಳು ಬಂತಲ್ಲ" ಅಂದ. ಎರಡು ದಿನ ಅಷ್ಟೇ ಮಾತು. ಮೂರನೆಯ ದಿನ ಬೆಳಿಗ್ಗೆ ನನ್ನ ಲೋಟಕ್ಕೆ ಚಾ ಬಗ್ಗಿಸಿ, "ನಡಿ, ರಿಕ್ಷಾ ಹತ್ತು" ಅಂದ.

ಊರೆಲ್ಲ ಸುತ್ತಿ ಸೀಡಿ ವಾಪಸು ತಂದೆವು. ರಿಕ್ಷಾ ಸ್ಟ್ಯಾಂಡು, ಚಾದಂಗಡಿ, ಮೀನು ಪೇಟೆ. "ಎಂತಾ ಬೀರಾ, ಪೊಲೀಸ್ರು ಹಿಡಿದ್ರಾ?" ಎಂದು ನಕ್ಕರು. "ಅಜ್ಜಿ ಹಿಡಿದ್ರು" ಅಂದ. ಆಶ್ಚರ್ಯ ಏನೆಂದರೆ, ವಿಷಯ ಕೇಳಿದ ಮೇಲೆ ಯಾರೂ ನಗಲಿಲ್ಲ. ಮೀನು ಮಾರುವ ಹೆಂಗಸೊಬ್ಬಳು ಕೈ ಒರೆಸಿಕೊಂಡು, ಸೀಡಿಯನ್ನು ಹಣೆಗೆ ಮುಟ್ಟಿಸಿ ಕೊಟ್ಟಳು.

ಕೊನೆಯ ಭಾಗ ಸೇರಿಸಿ ಹೊಸದು ಮಾಡಿದರೆ ಶಾಲೆಗಳಿಗೂ ಕೊಡಬಹುದು. ಇಲ್ಲದಿದ್ದರೆ ಸೀಡಿಯೂ ಬೇಡ, ಶಾಲೆಯೂ ಬೇಡ ಎಂದು ಬೀರಾ ಖಂಡಿತವಾಗಿ ಹೇಳಿಬಿಟ್ಟಿದ್ದಾನೆ. ನಮ್ಮ ಮನೆಯ ಅಜ್ಜಿಯ ಬಾಯಿ ಕಟ್ಟಿಸಿ ಊರ ಮಕ್ಕಳಿಗೆ ಬಾಯಿ ಬಿಡಿ ಅಂತ ಹೇಗೆ ಕಲಿಸಲಿ ಅನ್ನುತ್ತಾನೆ.

ಅಜ್ಜಿ ಹಾಡಲು ಒಪ್ಪಿದ್ದಾರೆ. ಆದರೆ ಒಬ್ಬರೇ ಹಾಡಿ ಕಳಿಸುವಂತಿಲ್ಲ. ಒಬ್ಬರು ಎತ್ತಿದ ಸಾಲನ್ನು ಇನ್ನೊಬ್ಬರು ಹಿಡಿಯಬೇಕು, ಮತ್ತು ಕರೆದ ಜೋಡಿಯೇ ಕಳಿಸಬೇಕು. ಅಂದರೆ ಹೊನ್ನಜ್ಜಿಯೇ ಬೇಕು. ಜಾಗ ಬಿಟ್ಟಾಗ ಅವರ ಕುಟುಂಬಕ್ಕೆ ಅಂಕೋಲೆ ಕಡೆ ಮನೆ ಸಿಕ್ಕಿತ್ತು. ಬೀರಾ ಕರೆದುಕೊಂಡು ಬರಲು ಹೋದ. ಅವರೂ ಬಸ್‌ಸ್ಟ್ಯಾಂಡಿನಲ್ಲಿ ಆ ಹಾಡು ಕೇಳಿದ್ದರಂತೆ. ಬಾಗಿಲಲ್ಲೇ ನಿಲ್ಲಿಸಿ, "ಹಾಡಿನ ಕುತ್ಗಿ ಕೊಯ್ದವ್ರ ಮನೆಗೆ ನಾ ಬರೂದಿಲ್ಲ. ನಾಗಮ್ಮಂಗೆ ಹೇಳು, ಅವ್ಳ ಮ್ಯಾಲೆ ಸಿಟ್ಟಿಲ್ಲ" ಎಂದರಂತೆ. ನಾನೂ ಹೋದೆ. ನನಗೆ ಅಷ್ಟೂ ಹೇಳಲಿಲ್ಲ. ಹೊರಗೆ ಬರಲೇ ಇಲ್ಲ.

ಅವತ್ತು ನಿಮ್ಮ ಮನೆಯ ರಸ್ತೆಯ ತಿರುವಿನ ತನಕ ಬಂದಿದ್ದೆ ಅಪ್ಪಯ್ಯಾ. ಒಂದೇ ದಿನ ಎರಡು ಮುಚ್ಚಿದ ಬಾಗಿಲು ನೋಡುವ ಶಕ್ತಿ ಇರಲಿಲ್ಲ. ಬಸ್ ಹತ್ತಿದೆ.

ಅಜ್ಜಿ ಇವತ್ತೂ ಮಣೆ ಇಟ್ಟಿದ್ದಾರೆ. ಮಳೆ ಹನಿ ಬೀಳದ ಹಾಗೆ ಗೋಡೆಗೆ ಒತ್ತಿ.

ಕವನಾ


ಅಂಕೋಲಾ
೧೮-೭-೨೦೦೬

ಚಿ. ಸೌ. ಕವನಾಳಿಗೆ ಆಶೀರ್ವಾದ.

ಆಷಾಢ, ಮದುವೆ ಮುಂಜಿ ಇಲ್ಲ. ಬಿಡುವಿದೆ.

ಶನಿವಾರ ಹತ್ತೂವರೆಯ ಬಸ್ಸಿಗೆ ಬರುತ್ತೇನೆ. ಇಬ್ಬರು. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬಸ್‌ಸ್ಟ್ಯಾಂಡಿಗೆ ರಿಕ್ಷಾ ತರಲು ಹೇಳು.

ಉಮಾಮಹೇಶ್ವರ ಭಟ್ಟ


ಕಾರವಾರ
೨೪ ಜುಲೈ ೨೦೦೬

ಅಪ್ಪಯ್ಯಾ,

ನೀವೇ ಇದ್ದಿರಿ, ನಿಮಗೇನು ಬರೆಯುವುದು? ಆದರೆ ಅಜ್ಜಿಯರು ಹಾಡಲು ಕೂತದ್ದೇ ನೀವು ಕಣ್ಣು ಮುಚ್ಚಿದಿರಿ, ಹಾಡು ಮುಗಿಯುವ ತನಕ ತೆರೆಯಲಿಲ್ಲ. ಹಾಗಾಗಿ ನೀವು ನೋಡದೆ ಇದ್ದದ್ದನ್ನು ಬರೆಯುತ್ತೇನೆ.

ನೀವು ಕರೆತಂದ ಹೊನ್ನಜ್ಜಿ ಕೈ ಚಾಚಿ ಹುಡುಕಿದರು, ನಾಗಮ್ಮಜ್ಜಿ ಆ ಕೈಯನ್ನು ತೆಗೆದು ತಮ್ಮ ಮಂಡಿಯ ಮೇಲೆ ಇಟ್ಟುಕೊಂಡರು. "ಸಪೂರ ಆಗಿದ್ಯಲ್ಲೇ," "ನೀ ಮುದ್ಕಿ ಆಗಿದ್ಯೆ," ಅಷ್ಟೇ ಮಾತು. ಆಮೇಲೆ ಕರೆದರು, ಮೊದಲಿನಿಂದ. ಮಕ್ಕಳು ಕಿಟಕಿಯ ಹೊರಗೆ ಕೊಡೆ ಹಿಡಿದು ನಿಂತಿದ್ದರು, ಜಾನಕಿ ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಬೀರಾ ಗುಮಟೆಯ ಮೇಲೆ ಬರೀ ಬೆರಳು ಆಡಿಸುತ್ತಿದ್ದ. ನಾನು ಕಂಪ್ಯೂಟರಿನ ಮುಂದೆ ಕೂತು, ಪರದೆಯ ಮೇಲೆ ದನಿಯ ಗೆರೆ ಏಳುವುದು ಬೀಳುವುದು ನೋಡುತ್ತಿದ್ದೆ. ಕಳಿಸುವ ಸಾಲು ಬಂತು.

ಬಂದ ದಾರಿಯ ಹಿಡ್ದು, ಉಂಡ ಬಾಳೆಯ ಮಡ್ಚಿ
ತಣ್ಣಗೆ ಹೋಗಿ ಬನ್ನಿರೋ ದೇವ್ರೇ, ಹೋಗಿ ಬನ್ನಿ.

ನಡುವೆ ಹೊನ್ನಜ್ಜಿ ಕೆಮ್ಮಿದರು. ಆ ಕೆಮ್ಮನ್ನು ತೆಗೆಯುವುದಿಲ್ಲ ಅಪ್ಪಯ್ಯಾ, ಯಾರು ಏನೇ ಹೇಳಲಿ.

ಅಡುಗೆಮನೆಯಲ್ಲಿ ಹೊನ್ನಜ್ಜಿ ನನಗೆ ಹೇಳಿದ್ದನ್ನು ನೀವು ಕೇಳಿಸಿಕೊಂಡಿಲ್ಲ. "ನಿನ್ ಅಪ್ಪ ಭಟ್ರು ಮೂರ್ ಸಲ ಬಂದ್ರು. ಎರಡ್ ಸಲ ನಾ ಮಾತಾಡ್ಲಿಲ್ಲ. ಮೂರ್ನೇ ಸಲ ಜಗಲಿ ಮ್ಯಾಲೆ ಕೂತ್ಕಂಡು, 'ದೇವ್ರನ್ನ ಕರ್ದು ಕಳಿಸೂದು ನಿನ್ ಕೆಲ್ಸ, ನನ್ ಕೆಲ್ಸಾನೂ ಅದೇ. ಎಲ್ಲಾ ದೇವ್ರನ್ನೂ ಕಳಿಸಿಕೊಟ್ಟೆ ಹೊನ್ನೂ, ಮಗಳನ್ನ ಮಾತ್ರ ಕಳಿಸಿಕೊಡ್ಲಿಲ್ಲ. ಅದೂ ಅರ್ಧಕ್ಕೇ ಉಳೀತು' ಅಂದ್ರು. ಮತ್ತೆ ನಾ ಎಂತಾ ಮಾಡೂದು? ಸೀರೆ ಉಟ್ಕಂಡೆ."

ನಾನು ಕಾಯಿ ತುರಿಯುತ್ತಿದ್ದೆ, ಅದನ್ನೇ ತುರಿದೆ.

ಹಾಡು ಮುಗಿದ ಮೇಲೆ ಅಜ್ಜಿ ಜಗಲಿಯ ಮಣೆ ಎತ್ತಿ ಗೋಡೆಗೆ ಒರಗಿಸಿದರು. ಅವತ್ತು ಬೆಳಿಗ್ಗೆ ಗಿಡಕ್ಕೆ ಹಾಕದೆ ಉಳಿಸಿದ್ದ ನೀರಿನ ತಂಬಿಗೆ ಅಲ್ಲೇ ಇತ್ತು. ನಿಮಗಾಗಿ ನಾನು ಅಂಗಡಿಯಿಂದ ನೀರಿನ ಬಾಟಲಿ ತರಿಸಿಟ್ಟಿದ್ದೆ, ನಮ್ಮ ಮನೆಯ ನೀರು ನೀವು ಮುಟ್ಟುತ್ತೀರೋ ಇಲ್ಲವೋ ಎಂದು. ನೀವು "ಈ ನೀರು ಈಗ ಯಾರದ್ದೂ ಅಲ್ಲವಲ್ಲ ನಾಗಮ್ಮ?" ಎಂದು ಕೇಳಿ ತಂಬಿಗೆ ಎತ್ತಿದಿರಿ. ನಾನು ಬಾಟಲಿಯನ್ನು ಸೆರಗಿನಲ್ಲಿ ಅಡಗಿಸಿಕೊಂಡೆ.

ಬಸ್‌ಸ್ಟ್ಯಾಂಡಿಗೆ ಹೋಗುವಾಗ ರಿಕ್ಷಾದಲ್ಲಿ ಬೀರಾ 'ಬಾವಿ' ಹೇಳಿ ತೋರಿಸಿದನಂತೆ. ನೀವು ಪೂರ್ತಿ ಕೇಳಿ, "ಆ ಮೂರನೇ ಸಾಲಲ್ಲಿ ಉಸಿರು ಎಲ್ಲಿ ತಗಳ್ತ್ಯೋ?" ಅಂದಿರಂತೆ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ ಎಂದು ಮನೆಗೆ ಬಂದು ಹತ್ತು ಸಲ ಹೇಳಿದ. ಇಳಿಯುವಾಗ "ಅಡ್ಡಿಲ್ಲೆ" ಅಂದಿರಂತೆ. ಅದರ ಅರ್ಥ ಏನು ಎಂದು ನನ್ನನ್ನು ಕೇಳಿದ. ಪರವಾಗಿಲ್ಲ ಅಂತ, ಆದರೆ ನಮ್ಮ ಅಪ್ಪಯ್ಯ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಕೊಟ್ಟಿಲ್ಲ ಅಂದೆ. ಇವತ್ತು ಅವನು ಹೊಸ ಸೀಡಿ ಹಿಡಿದು ಮೊದಲ ಶಾಲೆಗೆ ಹೋಗಿದ್ದಾನೆ. ಅಜ್ಜಿ ಅಂಗಳ ಗುಡಿಸುತ್ತ ಹಾಡುತ್ತಿದ್ದಾರೆ.

ಇನ್ನೊಂದು ಮಾತು. ನಿನ್ನೆ ಸಂಜೆ ದೀಪ ಹಚ್ಚಿ ಹೊರಗೆ ಬಂದರೆ ಜಗಲಿಯ ಮೇಲೆ ಮತ್ತೆ ಮಣೆ, ತಂಬಿಗೆ, ಬೆಲ್ಲ! "ಅಜ್ಜೀ, ಮತ್ಯಾಕೆ? ಎಲ್ಲರನ್ನೂ ಕಳಿಸಿ ಆಯ್ತಲ್ಲ?"

"ದೇವ್ರಿಗಲ್ಲ ಮಗಾ," ಅಂದರು ಅಜ್ಜಿ, ಬತ್ತಿ ಸರಿಮಾಡುತ್ತ. "ದೇವ್ರು ಹೋದ್ರು. ಇದು ಭಟ್ರಿಗೆ. ಅವ್ರಿಗೆ ನಾ ಕಳಿಸೂ ಹಾಡು ಹೇಳ್ಲಿಲ್ಲ."

ಬರುವಾಗ ಆಯಿಯನ್ನೂ ಕರೆದುಕೊಂಡು ಬನ್ನಿ. ಇನ್ನೊಂದು ಮಣೆ ಇದೆ.

ನಿಮ್ಮ ಕೂಸು
ಕವನಾ